ತೆರೆಯ ಮೇಲಿನ ಮುತವಲ್ಲಿ
(ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಿನಿಮಾದಲ್ಲಿ ಭ್ರಷ್ಟ ಮಂತ್ರಿಯ ಬಣ್ಣ ಬಯಲಾದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಅಮೃತ್ ನಾಹಟಾ ಅವರ ‘ಕಿಸ್ಸಾ ಕುರ್ಸೀ ಕಾ’ ಚಿತ್ರವನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ವಶಪಡಿಸಿಕೊಂಡಿತು. ಅದರ ಪ್ರತಿಗಳೂ ನೆಗೆಟಿವ್ ಕೂಡಾ ನಾಶವಾದವು. ತುರ್ತು ಪರಿಸ್ಥಿತಿ ಮುಗಿದ ಬಳಿಕ ಅದನ್ನು ಮತ್ತೊಮ್ಮೆ ಚಿತ್ರೀಕರಿಸಬೇಕಾಯಿತು. ಕುರ್ಚಿಯ ಕಥೆಯನ್ನು ಕುರ್ಚಿಯಲ್ಲಿದ್ದವರು ಸಹಿಸಲಿಲ್ಲ. ಅದನ್ನು ನಾವೆಲ್ಲರೂ ಖಂಡಿಸುತ್ತೇವೆ.

ಆದರೆ ಅದೇ ಕ್ಯಾಮರಾ ನಮ್ಮ ಮೊಹಲ್ಲಾದ ಮಸೀದಿ ಕಮಿಟಿಯ ಕಡೆಗೆ ತಿರುಗಿದರೆ?

ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರವನ್ನು ನಿರ್ದೇಶಿಸಿದರು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯೇ ಅದಕ್ಕೆ ಆಧಾರ. ಹಸೀನಾಳ ಪಾತ್ರ ವಹಿಸಿದ ತಾರಾ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಚಾಲಕನಾದ ಗಂಡ ಆಕೆಯನ್ನು ತೊರೆಯುತ್ತಾನೆ. ಆಕೆ ಪೊಲೀಸರ ಬಳಿಗೆ ಹೋಗುವುದಿಲ್ಲ. ನ್ಯಾಯ ಬೇಡಿ ಮುತವಲ್ಲಿಯ ಬಳಿಗೆ ಹೋಗುತ್ತಾಳೆ. ಎಂತಹ ನಂಬಿಕೆ ನೋಡಿ! ಅಲ್ಲಿ ನ್ಯಾಯ ಸಿಗದಾದಾಗ ಮಕ್ಕಳೊಂದಿಗೆ ಮಸೀದಿಯ ಎದುರಿಗೇ ಕುಳಿತುಬಿಡುತ್ತಾಳೆ.

ಇಂತಹ ಚಿತ್ರಗಳ ಮಾತು ಬಂದೊಡನೆ, ಸಮುದಾಯದ ಮಾನವನ್ನು ಪರರ ಮುಂದೆ ಹರಾಜು ಹಾಕಲಾಗಿದೆ ಎಂಬ ಆಕ್ಷೇಪ ನಮ್ಮಲ್ಲಿ ಕೇಳಿಬರುತ್ತದೆ. ಆ ನೋವಿಗೆ ಕಾರಣವಿಲ್ಲದಿಲ್ಲ. ಗಡ್ಡ, ಸುರ್ಮಾ, ಟೋಪಿ ತೊಡಿಸಿ ಖಳನಾಯಕನನ್ನು ಸೃಷ್ಟಿಸುವ ಹಿಂದಿ ಚಿತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಅವುಗಳಿಗೆ ಮುಸ್ಲಿಮರ ಮನೆಯ ಅಡುಗೆಕೋಣೆಯೂ ಗೊತ್ತಿಲ್ಲ, ಮನಸ್ಸೂ ಗೊತ್ತಿಲ್ಲ. ಆದರೆ ‘ಹಸೀನಾ’ ಆ ಸಾಲಿಗೆ ಸೇರುವುದಿಲ್ಲ. ಇಲ್ಲಿ ಆಕೆ ಕೇಳುವುದು ಧರ್ಮವೇ ಆಕೆಗೆ ಕೊಟ್ಟ ಹಕ್ಕನ್ನು. ಆಪಾದನೆ ಇರುವುದು ಹುದ್ದೆಯ ಮೇಲೆ; ಧರ್ಮದ ಮೇಲಲ್ಲ. ಈ ವ್ಯತ್ಯಾಸವನ್ನು ಮರೆಮಾಚುವುದರಿಂದ ಲಾಭವಾಗುವುದು ಹುದ್ದೆಯಲ್ಲಿದ್ದವರಿಗೆ ಮಾತ್ರ. ದೇಶದ ಮಾನದ ಹೆಸರಿನಲ್ಲಿ ಟೀಕೆಯನ್ನು ಅಡಗಿಸುವ ಸರಕಾರಗಳ ವಾದಕ್ಕೂ ನಮ್ಮ ಈ ವಾದಕ್ಕೂ ಏನು ಅಂತರವಿದೆ?

ಆ ಕಥೆ ಬರೆದವರು ಹೊರಗಿನವರಲ್ಲ, ನಮ್ಮ ಹಾಸನದ ಹೆಣ್ಣುಮಗಳು. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ‘ಕರಿ ನಾಗರಗಳು’ ಕಥೆಯ ಅನುವಾದವೂ ಅದೇ ಸಂಕಲನದಲ್ಲಿದೆ. ಹೆಮ್ಮೆಪಟ್ಟ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದೇವೆ?

ಇಲ್ಲಿ ಕುಳಿತಿರುವ ಕಮಿಟಿ ಸದಸ್ಯರಲ್ಲಿ ನಮ್ಮದೊಂದು ಕೋರಿಕೆಯಿದೆ. ಜುಮಾ ನಮಾಝಿನ ಬಳಿಕ ಒಂದು ಗಂಟೆಯನ್ನು ಸ್ತ್ರೀಯರ ಅರ್ಜಿಗಳಿಗಾಗಿಯೇ ಮೀಸಲಿಡಿ. ಅರ್ಜಿ ಬಂದ ದಿನ, ತೀರ್ಮಾನವಾದ ದಿನ, ಇವೆರಡನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಆ ರಿಜಿಸ್ಟರನ್ನು ವರ್ಷಕ್ಕೊಮ್ಮೆ ಜಮಾಅತಿನ ಮುಂದೆ, ಮಹಿಳೆಯರೂ ಇರುವ ಸಭೆಯಲ್ಲಿ, ಅರ್ಜಿದಾರರ ಹೆಸರು ಬಿಟ್ಟು ಓದಿರಿ.