ಮುಚ್ಚಿದ ಕಡತ, ತೆರೆದ ಪ್ರಶ್ನೆ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗಿ ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದಾಳೆ, ರಕ್ಷಣಾ ನೀತಿಯಲ್ಲಿ ಸಂಶೋಧನೆ ಮಾಡಬೇಕೆಂಬುದು ಅವಳ ಹಟ. “ಮೇಷ್ಟ್ರೆ, ಇದು ಅನ್ನ ಹುಟ್ಟಿಸುವ ವಿದ್ಯೆಯೆ? ಸೈನ್ಯಕ್ಕೆ ಸೇರದವಳು ಯುದ್ಧದ ವಿಚಾರ ಓದಿ ಏನು ಮಾಡಿಯಾಳು?” ಎಂದು ತಂದೆ ಕೇಳಿದರು. ಜೀವಮಾನವೆಲ್ಲ ಪಂಪನ ಯುದ್ಧವರ್ಣನೆಗಳನ್ನು ಪಾಠ ಹೇಳಿದ ನಾನು ಉತ್ತರಕ್ಕೆ ತಡವರಿಸಿದೆ.

ಆಗ ನೆನಪಾದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ತಂಜಾವೂರು ಸೀಮೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಓಲೆಗರಿಗಳಲ್ಲಿ 1905ರಲ್ಲಿ ಅವರು ಗುರುತಿಸಿದ್ದು ಕೌಟಿಲ್ಯನ ಅರ್ಥಶಾಸ್ತ್ರವನ್ನು. ಅದು 1909ರಲ್ಲಿ ಅಚ್ಚಾಯಿತು. ಕೋಟೆ, ಗೂಢಚಾರ, ಸಂಧಿ, ವಿಗ್ರಹಗಳ ಆ ಗ್ರಂಥವನ್ನು ಬೆಳಕಿಗೆ ತಂದವರು ದಂಡನಾಯಕರಲ್ಲ, ಗ್ರಂಥಪಾಲಕರು. ಇಂದು ದೆಹಲಿಯ ರಕ್ಷಣಾ ಪಂಡಿತರು ಕೌಟಿಲ್ಯನನ್ನು ಉದ್ಧರಿಸುವಾಗ ಈ ಮಾತನ್ನು ಎಷ್ಟು ಜನ ನೆನೆಯುತ್ತಾರೋ!

ಸ್ವತಂತ್ರ ಭಾರತದಲ್ಲಿ ಈ ವಿದ್ಯೆಗೆ ನೆಲೆ ದೊರೆತದ್ದು ಪೆಟ್ಟು ತಿಂದ ಮೇಲೆ. 1962ರ ಸೋಲು ಕಳೆದು, 1965ರ ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ದೆಹಲಿಯಲ್ಲಿ ರಕ್ಷಣಾ ಅಧ್ಯಯನ ಸಂಸ್ಥೆ ಹುಟ್ಟಿತು. 1968ರಲ್ಲಿ ಅದರ ನಿರ್ದೇಶಕರಾದ ಕೆ. ಸುಬ್ರಹ್ಮಣ್ಯಂ ರಸಾಯನಶಾಸ್ತ್ರ ಓದಿದ ಐ.ಎ.ಎಸ್. ಅಧಿಕಾರಿ. 1971ರಲ್ಲಿ ಪೂರ್ವ ಬಂಗಾಳದ ಬಿಕ್ಕಟ್ಟಿನ ವೇಳೆ, ಭಾರತ ಕೈಕಟ್ಟಿ ಕೂರಬಾರದೆಂದು ಅವರು ಬಹಿರಂಗವಾಗಿ ವಾದಿಸಿದರು. ಪಾಕಿಸ್ತಾನ ಅದನ್ನೇ ಭಾರತದ ಸಂಚಿಗೆ ಸಾಕ್ಷಿಯೆಂದು ಎತ್ತಿ ತೋರಿಸಿತು. ಕಾವ್ಯವಿಮರ್ಶಕನ ತಪ್ಪು ಹೆಚ್ಚೆಂದರೆ ಇನ್ನೊಬ್ಬ ವಿಮರ್ಶಕನನ್ನು ಕೆರಳಿಸುತ್ತದೆ; ಸರ್ಕಾರದ ಅನುದಾನದಲ್ಲಿ ಕುಳಿತ ವಿದ್ವಾಂಸನ ಸ್ವಂತ ಅಭಿಪ್ರಾಯವನ್ನು ಹೊರದೇಶ ಸರ್ಕಾರದ ಮಾತೆಂದೇ ಓದುತ್ತದೆ.

ಇದಕ್ಕಿಂತ ದೊಡ್ಡ ಕಷ್ಟ ಆಕರಗಳದು. ನನಗೆ ಪಾಠಾಂತರ ಬೇಕಾದಾಗ ಓಲೆಗರಿ ಕಟ್ಟನ್ನು ಬಿಚ್ಚಿದರಾಯಿತು. 1962ರ ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಿದ್ಧವಾಗಿತ್ತು. ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ಒಂದು ಭಾಗವನ್ನು ಪರದೇಶದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಹೊರಗೆಡಹಿದರು. ನಮ್ಮ ಸೋಲಿನ ಕಥೆಯನ್ನು ನಮ್ಮ ವಿದ್ಯಾರ್ಥಿ ಹೀಗೆ ಬಳಸುದಾರಿಯಲ್ಲಿ ಓದಬೇಕು! ಕಾರ್ಗಿಲ್ ಕುರಿತು ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಸಮಿತಿಯ ವರದಿ 2000ದಲ್ಲಿ ಪ್ರಕಟವಾದದ್ದು ನಿಜ, ಕೆಲವು ಭಾಗಗಳನ್ನು ಬಿಟ್ಟು. ಸಾಮಾನ್ಯವಾಗಿ 25 ವರ್ಷಕ್ಕೆ ಯುದ್ಧದ ದಾಖಲೆಗಳನ್ನು ತೆರೆಯಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಆದರೆ ಬೀಗದ ಕೈ ಸಚಿವಾಲಯದ ಬಳಿಯೇ ಉಳಿದಿದೆ. ಆದ್ದರಿಂದ ಸಂಶೋಧಕರು ಸಂಸತ್ತಿನ ಚರ್ಚೆ, ಸ್ಥಾಯಿ ಸಮಿತಿಯ ವರದಿ, ಆಯವ್ಯಯದ ಪುಟ, ನಿವೃತ್ತ ಸೇನಾನಿಗಳ ಆತ್ಮಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ನಡುವಿನ ಮೌನವನ್ನು ಓದಬೇಕಾಗುತ್ತದೆ.

ಅನ್ನದ ಪ್ರಶ್ನೆ ಸಣ್ಣದಲ್ಲ. ಅಲಹಾಬಾದ್, ಮದ್ರಾಸ್, ಪುಣೆ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ವಿಭಾಗಗಳಿವೆ. ಮಣಿಪಾಲದಲ್ಲಿಯೂ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಇದಕ್ಕೆ ಹತ್ತಿರದ ಅಧ್ಯಯನ ನಡೆಯುತ್ತದೆ. ನೆಟ್ ಪರೀಕ್ಷೆಯಲ್ಲಿಯೂ ಇದೊಂದು ವಿಷಯ. ಆದರೆ ನಮ್ಮೂರಿನಂಥ ಊರಿನ ಕಾಲೇಜುಗಳಲ್ಲಿ ಇದರ ಹೆಸರೇ ಇಲ್ಲ. ಸಂಸ್ಥೆಗಳಲ್ಲಿ ನಿವೃತ್ತ ಜನರಲ್, ರಾಯಭಾರಿಗಳ ಅನುಭವದ ಪಕ್ಕದಲ್ಲಿ ಬರಿಯ ಪಿಎಚ್.ಡಿ. ಹಿಡಿದ ಎಳೆಯರು ಕೂರಬೇಕು. ಇದನ್ನೆಲ್ಲ ಮರೆಮಾಚದೆ ಹೇಳಿದೆ. ಹಣ ಕೊಡುವವರು ಯಾರೆಂದು ಮೊದಲೇ ಕೇಳಿಕೊಳ್ಳಬೇಕೆಂದೂ ಹೇಳಿದೆ.

“ಸರ್, ತೆರೆಯದ ಕಡತದ ಬಗ್ಗೆ ಪ್ರಬಂಧ ಬರೆದರೆ ಪರೀಕ್ಷಕರು ಒಪ್ಪುತ್ತಾರೆಯೆ?” ಎಂದಳು ಹುಡುಗಿ. ಕವಿಗಳ ಕಾಲವನ್ನು ನಾವು ಇದಕ್ಕಿಂತ ಕಡಿಮೆ ಆಧಾರದಲ್ಲಿ ನಿರ್ಣಯಿಸಿದ್ದೇವೆ ಎಂದೆ. ಊಹೆಯನ್ನು ಊಹೆಯೆಂದೇ ಬರೆಯಬೇಕು, ಅಷ್ಟೆ. ತಂದೆ ನಕ್ಕರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಶಿಫಾರಸು ಪತ್ರ ಬರೆಯಲು ಕುಳಿತು, ಸಂಶೋಧನೆಯ ವಿಷಯ ಏನೆಂದು ಬರೆಯಲಿ ಎಂದು ಕೇಳಿದೆ.

“1962, ಸರ್” ಎಂದಳು.