ತೆಪ್ಪದ ಮೇಲೊಂದು ರೇಡಿಯೊ

ಹಿರಿಯೂರಿನ ಮಕ್ಕಳೇ, ಮಾರಿಕಣಿವೆಯ ಹಿನ್ನೀರು ನಿಮಗೆ ಗೊತ್ತಲ್ಲ? ವೇದಾವತಿಯ ಆ ನೀರು ಹೊಸದುರ್ಗದ ಕಡೆಗೂ ಚಾಚಿಕೊಂಡಿದೆ. ಅಂಥದೇ ಇನ್ನೊಂದು ಹಿನ್ನೀರಿಗೆ, ಶರಾವತಿಯದಕ್ಕೆ, 2020ರಲ್ಲಿ ವಿಜ್ಞಾನಿಗಳು ಒಂದು ತೆಪ್ಪ ಇಳಿಸಿದರು. ತೆಪ್ಪದ ಮೇಲೆ ಜನವಿಲ್ಲ, ಬಲೆಯೂ ಇಲ್ಲ. ಇದ್ದದ್ದು ಆಲಿಕೆಯಂಥ ಒಂದು ಆಂಟೆನಾ. ಸರ್ ಸಿ.ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಈ ಉಪಕರಣಕ್ಕೆ ಸಾರಸ್ ಎಂದು ಹೆಸರು.

ಅದು ಕಿವಿಗೊಟ್ಟದ್ದು ಒಂದು ಪರಮಾಣುವಿಗೆ.

ಹೈಡ್ರೋಜನ್ ಎಲ್ಲಕ್ಕಿಂತ ಸರಳ ಪರಮಾಣು. ನಡುವೆ ಒಂದು ಪ್ರೋಟಾನ್, ಜೊತೆಗೆ ಒಂದು ಎಲೆಕ್ಟ್ರಾನ್. ಎರಡೂ ಪುಟ್ಟ ಅಯಸ್ಕಾಂತಗಳಂತೆ. ಒಂದೇ ದಿಕ್ಕಿಗೆ ಮುಖ ಮಾಡಿದ್ದ ಇವುಗಳಲ್ಲಿ ಎಲೆಕ್ಟ್ರಾನ್ ತಿರುಗಿ ನಿಂತರೆ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊರಡುತ್ತದೆ. ಒಂದು ಪರಮಾಣು ತಾನಾಗಿಯೇ ಹೀಗೆ ತಿರುಗಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಬೇಕು! ಆದರೂ ಆಕಾಶದಲ್ಲಿ ಹೈಡ್ರೋಜನ್ ಎಷ್ಟಿದೆಯೆಂದರೆ, 1951ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಅಲೆಯನ್ನು ಹಿಡಿದೇಬಿಟ್ಟರು.

ಬ್ರಹ್ಮಾಂಡದ ವಯಸ್ಸು ಸುಮಾರು 1,380 ಕೋಟಿ ವರ್ಷ. ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ಬೆಳಕು ತಾಕಿದ ಹೈಡ್ರೋಜನ್, ಹಿನ್ನೆಲೆಯ ರೇಡಿಯೊ ಅಲೆಯನ್ನು ಚೂರು ನುಂಗಿಕೊಂಡಿರಬೇಕು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಬ್ರಹ್ಮಾಂಡ ಹಿಗ್ಗಿ, ಗೇಣುದ್ದದ ಅಲೆ ಹಲವು ಮೀಟರ್ ಉದ್ದವಾಗಿದೆ. ಸಾರಸ್ ಹುಡುಕಿದ್ದು ಆ ಕಿರು ಕೊರತೆಯನ್ನೇ.

ಅದಕ್ಕೆ ನೀರೇ ಏಕೆ? ಹೊಳಲ್ಕೆರೆಯ ತೋಟದಲ್ಲಿ ಬಾವಿ ತೋಡುವುದನ್ನು ನೋಡಿದ್ದರೆ ನಿಮಗೇ ಹೊಳೆಯುತ್ತದೆ. ಮೇಲೆ ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ. ಒಂದೊಂದು ಪದರವೂ ರೇಡಿಯೊ ಅಲೆಯನ್ನು ಒಂದೊಂದು ರೀತಿ ಹಿಂದಕ್ಕೆ ಕಳಿಸಿ ಲೆಕ್ಕ ಕೆಡಿಸುತ್ತದೆ. ಆಳವಾದ ನೀರಿನಲ್ಲಿ ಆ ತೊಡಕಿಲ್ಲ, ಅದು ಉದ್ದಕ್ಕೂ ಒಂದೇ ಸಮ. ಎಷ್ಟು ಸೊಗಸಾದ ಉಪಾಯ!

ಇನ್ನೊಂದು ಕಾಟ ನಮ್ಮದೇ. ಚಿತ್ರದುರ್ಗ ಆಕಾಶವಾಣಿಯನ್ನು ನಾವು ಕೇಳುವ ಎಫ್‌ಎಂ ಪಟ್ಟಿ 88ರಿಂದ 108 ಮೆಗಾಹರ್ಟ್ಸ್. ಸಾರಸ್ ಆಲಿಸಿದ್ದು 55ರಿಂದ 85, ಅಂದರೆ ಪಕ್ಕದ ಮನೆಯೇ. ಪಕ್ಕದಲ್ಲಿ ಧ್ವನಿವರ್ಧಕ ಕೂಗುತ್ತಿದ್ದರೆ ಇರುವೆಯ ನಡಿಗೆ ಕೇಳುವುದುಂಟೇ? ಅದಕ್ಕೇ ಊರುಗಳಿಂದ ದೂರದ ನೀರು ಬೇಕಾಯಿತು.

2018ರಲ್ಲಿ ಅಮೆರಿಕದ ತಂಡವೊಂದು, ಆಸ್ಟ್ರೇಲಿಯಾದಲ್ಲಿ ಇಟ್ಟ ಆಂಟೆನಾದಿಂದ, ಆ ಕಿರು ಕೊರತೆಯ ಗುರುತು ಸಿಕ್ಕಿತು ಎಂದು ಪ್ರಕಟಿಸಿತ್ತು. ಜಗತ್ತೇ ಬೆರಗಾಯಿತು. ನಮ್ಮವರು ಸಾರಸ್‌ನಿಂದ ಅದೇ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹುಡುಕಿದರು, ಸಿಗಲಿಲ್ಲ. ಅದು ನಕ್ಷತ್ರಗಳ ಗುರುತಾಗಿರಲಾರದು ಎಂದು 2022ರಲ್ಲಿ ಬರೆದರು. ಕಾಣದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಎಷ್ಟೊಂದು ಸಲ ಅಳೆದು ನೋಡಿರಬೇಕು! ನನಗೆ ಈ ಕೆಲಸದ ಮೇಲೆ ತುಂಬ ಗೌರವ.

ಹುಡುಕಾಟ ಇನ್ನೂ ಮುಗಿದಿಲ್ಲ. ಇದೇ ಸಂಸ್ಥೆಯವರು ಈಗ ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆಯಲ್ಲಿದ್ದಾರೆ. ಚಂದ್ರನ ಹಿಂಬದಿಗೆ ಭೂಮಿಯ ಯಾವ ಎಫ್‌ಎಂ ಕೂಡ ಮುಟ್ಟುವುದಿಲ್ಲ.