ಮಸೀದಿಯ ಸಾಲು, ಸಂಬಂಧದ ಸಾಲು
(ಸಮುದಾಯದ ಕುಟುಂಬಗಳ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಮಾಜದಲ್ಲಿರುವ ಮೇಲು-ಕೀಳು, ಅಸಮಾನತೆ ಮತ್ತು ಬಡತನದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಈ ವಿಷಯ ಬಂದಾಗಲೆಲ್ಲ ನಾವು ಸರಕಾರದ ಕಡೆಗೆ ಬೆರಳು ತೋರಿಸುತ್ತೇವೆ. ಅದು ತಪ್ಪಲ್ಲ. ಇಂದು ಅದರ ಜೊತೆಗೆ ನಮ್ಮ ಅಂಗಳವನ್ನೂ ಒಂದಿಷ್ಟು ನೋಡೋಣ.

ಮೊದಲು ಲೆಕ್ಕವನ್ನು ನೋಡೋಣ. 2005ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿತು. 2001ರಲ್ಲಿ ದೇಶದ ಸಾಕ್ಷರತೆ ಸುಮಾರು ಶೇಕಡಾ 65 ಇದ್ದಾಗ ಮುಸ್ಲಿಮರಲ್ಲಿ ಅದು ಶೇಕಡಾ 59.1 ಮಾತ್ರ ಇತ್ತು. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಮಗು ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ಅರ್ಧದಲ್ಲಿ ಶಾಲೆ ಬಿಟ್ಟಿತ್ತು. ಐಎಎಸ್ ಅಧಿಕಾರಿಗಳಲ್ಲಿ ಮುಸ್ಲಿಮರು ಶೇಕಡಾ 3, ಐಪಿಎಸ್‌ನಲ್ಲಿ ಶೇಕಡಾ 4. ಮುಸ್ಲಿಮ್ ಮಕ್ಕಳೆಲ್ಲ ಮದ್ರಸಾಕ್ಕೇ ಹೋಗುತ್ತಾರೆ ಎಂಬ ಪ್ರಚಾರವನ್ನೂ ಆ ವರದಿ ಸುಳ್ಳಾಗಿಸಿತು. ಶಾಲಾ ವಯಸ್ಸಿನ ಮಕ್ಕಳಲ್ಲಿ ಹಾಗೆ ಹೋಗುವವರು ಶೇಕಡಾ 3ರ ಆಸುಪಾಸಿನಲ್ಲಿದ್ದರು.

ಈ ಅಂಕಿಗಳನ್ನು ನಾವು ನೂರಾರು ವೇದಿಕೆಗಳಲ್ಲಿ ಹೇಳಿದ್ದೇವೆ. ಆದರೆ ಅದೇ ವರದಿಯ ಇನ್ನೊಂದು ಅಧ್ಯಾಯವನ್ನು ಹೇಳಲು ಹಿಂಜರಿದಿದ್ದೇವೆ. ಮುಸ್ಲಿಮರು ಒಂದೇ ಅಚ್ಚಿನ ಸಮುದಾಯವಲ್ಲ, ನಮ್ಮೊಳಗೂ ಅಶ್ರಫ್, ಅಜ್ಲಾಫ್, ಅರ್ಝಲ್ ಎಂಬ ಸ್ತರಗಳಿವೆ ಎಂದು ಸಮಿತಿ ದಾಖಲಿಸಿತು. ದೇಶದ ಮುಸ್ಲಿಮರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮಂದಿ ಹಿಂದುಳಿದ ವರ್ಗಗಳಿಗೆ ಸೇರಿದವರೆಂದೂ ಅದು ಗುರುತಿಸಿತು. ಹೊರಗಿನವರ ತಾರತಮ್ಯವನ್ನು ಹೇಳುವ ಪುಟ ನಮಗೆ ಪ್ರಿಯವಾಯಿತು, ನಮ್ಮೊಳಗಿನದನ್ನು ಹೇಳುವ ಪುಟ ಮುಚ್ಚಿಯೇ ಉಳಿಯಿತು.

ಸಮಾಜಶಾಸ್ತ್ರಜ್ಞರಿಗೆ ಇದು ಹೊಸ ಸಂಗತಿಯಲ್ಲ. ಘೌಸ್ ಅನ್ಸಾರಿಯವರು 1960ರಲ್ಲಿ ಉತ್ತರ ಪ್ರದೇಶದ ಮುಸ್ಲಿಮರ ಶ್ರೇಣಿಗಳ ಕುರಿತು ಗ್ರಂಥ ಪ್ರಕಟಿಸಿದರು. 1973ರಲ್ಲಿ ಇಮ್ತಿಯಾಝ್ ಅಹ್ಮದ್ ಅವರು ಇದೇ ವಿಷಯದ ಮೇಲೆ ಅನೇಕ ವಿದ್ವಾಂಸರ ಅಧ್ಯಯನಗಳನ್ನು ಸಂಪಾದಿಸಿದರು. ಉತ್ತರದಲ್ಲಿ ನೇಕಾರರು ಅನ್ಸಾರಿಗಳಾದರು, ಕಟುಕರು ಕುರೈಶಿಗಳಾದರು, ಹತ್ತಿ ಹಿಂಜುವವರು ಮನ್ಸೂರಿಗಳಾದರು. ಕಸುಬಿನ ಹೆಸರಿಗೆ ಅಂಟಿದ್ದ ಅವಮಾನವನ್ನು ಕಳೆದುಕೊಳ್ಳಲು ಹೊಸ ಹೆಸರೊಂದು ಬೇಕಾಯಿತು ಎಂಬುದೇ ಆ ಅವಮಾನದ ಆಳವನ್ನು ತಿಳಿಸುತ್ತದೆ.

ನಮ್ಮ ಕರ್ನಾಟಕದಲ್ಲಿ ಅಶ್ರಫ್, ಅಜ್ಲಾಫ್ ಎಂಬ ಪದಗಳು ರೂಢಿಯಲ್ಲಿಲ್ಲ. ಆದರೆ ಪದವಿಲ್ಲದ ಮಾತ್ರಕ್ಕೆ ಪದ್ಧತಿ ಇಲ್ಲವೆಂದಲ್ಲ. ಹಾಸಿಗೆ ಮಾಡುವ, ಹತ್ತಿ ಹಿಂಜುವ ಪಿಂಜಾರರು, ಅಂದರೆ ನದಾಫರು, ನಮ್ಮ ಬಯಲು ಸೀಮೆಯ ಊರೂರಲ್ಲಿದ್ದಾರೆ. ಯಂತ್ರ ಬಂತು, ಫೋಮ್ ಹಾಸಿಗೆ ಬಂತು, ಅವರ ಬಿಲ್ಲು ಮೂಲೆ ಸೇರಿತು. ಛಪ್ಪರ್‌ಬಂದರನ್ನು ಬ್ರಿಟಿಷರು ಹುಟ್ಟು ಅಪರಾಧಿಗಳ ಪಟ್ಟಿಗೆ ಸೇರಿಸಿದ್ದರು. ಆ ಕಾನೂನು 1952ರಲ್ಲಿ ರದ್ದಾಯಿತಾದರೂ ಜನರ ನೋಟ ಅಷ್ಟು ಬೇಗ ರದ್ದಾಗಲಿಲ್ಲ. ರಾಜ್ಯ ಸರಕಾರ ಈ ಸಮುದಾಯಗಳನ್ನು ಪ್ರವರ್ಗ-1ರಲ್ಲಿ ಇರಿಸಿದೆ. ಸರಕಾರದ ಕಡತಕ್ಕೆ ಕಂಡ ವ್ಯತ್ಯಾಸ ನಮ್ಮ ಜಮಾಅತ್‌ಗಳ ಕಣ್ಣಿಗೆ ಕಾಣಲಿಲ್ಲವೇ? ಕಂಡಿತು. ಆದರೆ ನೆರವಿನ ಪಟ್ಟಿ ಬರೆಯುವಾಗ ಕಾಣದೆ, ಮದುವೆಯ ಮಾತು ಬಂದಾಗ ಮಾತ್ರ ಕಂಡಿತು.

ಇಲ್ಲಿ ನಾವು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಬಂಧುಗಳ ಮನೆಗೆ ಒಂದು ಸಂಬಂಧ ಬಂದಿತ್ತು. ಹುಡುಗ ಇಂಜಿನಿಯರ್. ನಮಾಝಿ, ದುಶ್ಚಟಗಳಿಲ್ಲ, ವರದಕ್ಷಿಣೆ ಬೇಡವೆಂದು ತಾನಾಗಿ ಹೇಳಿದ್ದ. ತಂದೆ ಹಾಸಿಗೆ ಹೊಲಿದು ಅವನನ್ನು ಓದಿಸಿದ್ದರು. ಹಿರಿಯರೊಬ್ಬರು, 'ಹುಡುಗನೇನೋ ಒಳ್ಳೆಯವನು, ಆದರೆ ಖಾನ್‌ದಾನ್ ನೋಡಬೇಕಲ್ಲ' ಎಂದರು. ಆ ಒಂದು ಮಾತಿಗೆ ಮಾತುಕತೆ ಮುಗಿಯಿತು. ಸಮಾನತೆಯ ಕುರಿತು ಭಾಷಣ ಮಾಡುವ ನಾವೂ ಆ ಕೋಣೆಯಲ್ಲಿದ್ದೆವು, ಚಹಾ ಕುಡಿಯುತ್ತಾ ಮೌನವಾಗಿದ್ದೆವು. ಮುಂದಿನ ಶುಕ್ರವಾರ ಮಸೀದಿಯಲ್ಲಿ ಆ ತಂದೆ ನಮ್ಮ ಪಕ್ಕದಲ್ಲೇ ಸಾಲಿನಲ್ಲಿ ನಿಂತಿದ್ದರು. ಭುಜಕ್ಕೆ ಭುಜ ತಾಗಿತ್ತು. ಸಲಾಮ್ ಹೇಳಿ ಅವರ ಮುಖ ನೋಡಲು ನಮ್ಮಿಂದಾಗಲಿಲ್ಲ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರು ಆಸ್ತಿ, ಅಂತಸ್ತು ಮತ್ತು ಅಧಿಕಾರ ಎಂಬ ಮೂರನ್ನು ಬೇರೆಬೇರೆಯಾಗಿ ನೋಡಬೇಕೆಂದರು. ಆ ಇಂಜಿನಿಯರ್ ಆಸ್ತಿಯ ಏಣಿಯನ್ನು ಹತ್ತಿದ್ದ, ಅಂತಸ್ತಿನ ಏಣಿಯ ಬಳಿ ನಾವು ಕಾವಲು ನಿಂತಿದ್ದೆವು. ಇನ್ನು ಮೂರನೆಯದು ಅಧಿಕಾರ. ನಮ್ಮ ಜಮಾಅತ್ ಸಮಿತಿಗಳಲ್ಲಿ ಕುಳಿತವರ ಹೆಸರುಗಳನ್ನು ಒಮ್ಮೆ ಓದಿ ನೋಡಿರಿ. ಹಾಸಿಗೆ ಹೊಲಿಯುವವರು, ಬೀಡಿ ಕಟ್ಟುವವರು, ಆಟೋ ಓಡಿಸುವವರು ಎಷ್ಟು ಮಂದಿ ಇದ್ದಾರೆ?

1945ರಲ್ಲಿ ಅಮೆರಿಕದ ಡೇವಿಸ್ ಮತ್ತು ಮೂರ್ ಎಂಬ ವಿದ್ವಾಂಸರು ಒಂದು ವಾದ ಮುಂದಿಟ್ಟರು. ಮಹತ್ವದ ಕೆಲಸಗಳಿಗೆ ಪ್ರತಿಭಾವಂತರು ಬರಬೇಕಾದರೆ ಹೆಚ್ಚಿನ ಪ್ರತಿಫಲ ಬೇಕು, ಆದ್ದರಿಂದ ಅಸಮಾನತೆ ಸಮಾಜಕ್ಕೆ ಅಗತ್ಯ ಎಂಬುದು ಅದರ ಸಾರ. 1953ರಲ್ಲಿ ಮೆಲ್ವಿನ್ ಟ್ಯೂಮಿನ್ ಅದನ್ನು ಪ್ರಶ್ನಿಸಿದರು. ಶ್ರೇಣೀಕರಣ ಗಟ್ಟಿಯಾದಷ್ಟೂ ಕೆಳಗಿನವರ ಪ್ರತಿಭೆ ಬೆಳಕಿಗೇ ಬರುವುದಿಲ್ಲ ಎಂದರು. ಬೀಡಿ ಕಟ್ಟುವ ತಾಯಿಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುವ ಬಾಲಕಿ ವೈದ್ಯೆಯಾಗಬಲ್ಲಳೇ ಎಂದು ಪರೀಕ್ಷಿಸಿದವರು ಯಾರು? ಆಕೆ ಸ್ಪರ್ಧೆಯಲ್ಲಿ ಸೋತಿಲ್ಲ, ಸ್ಪರ್ಧೆಯ ಅಂಗಣಕ್ಕೇ ಆಕೆ ಬಂದಿಲ್ಲ.

ಬಡವರು ಬಡವರಾಗಿರಲು ಅವರ ಸೋಮಾರಿತನವೇ ಕಾರಣ, ಅವರಿಗೆ ಉಳಿತಾಯ ತಿಳಿಯದು ಎಂದು ನಮ್ಮಲ್ಲಿನ ಅನುಕೂಲಸ್ಥರು ಹೇಳುವುದುಂಟು. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನನ್ನು ಸೋಮಾರಿ ಎನ್ನಲು ಯಾವ ನಾಲಿಗೆಗೆ ಸಾಧ್ಯ? ಮಗಳ ಮದುವೆಗೆ ಸಾಲ ಮಾಡಿದನೆಂದು ದೂರುತ್ತೇವೆ. ವರದಕ್ಷಿಣೆಯ ಮತ್ತು ಅದ್ದೂರಿ ಹಾಲ್‌ಗಳ ಮಾದರಿಯನ್ನು ಅವನ ಮುಂದಿಟ್ಟವರು ಉಳ್ಳವರಾದ ನಾವೇ ಎಂಬುದನ್ನು ಮರೆಯುತ್ತೇವೆ.

ಹಾಗೆಂದು ಆಡಳಿತದ ಹೊಣೆ ಕಡಿಮೆಯಾಗುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮದೊಂದಿಗೆ ಕಟ್ಟಿಹಾಕಿತು. 1956ರಲ್ಲಿ ಸಿಕ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಮುಸ್ಲಿಮರಿಗೂ ಕ್ರೈಸ್ತರಿಗೂ ತೆರೆಯಲಿಲ್ಲ. ಆ ನಿರ್ಬಂಧ ತೆಗೆಯಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ರಾಜ್ಯದಲ್ಲಿ 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, 2-ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ರದ್ದುಪಡಿಸುವ ಆದೇಶ ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಸದ್ಯ ಜಾರಿಗೊಳಿಸುವುದಿಲ್ಲವೆಂದು ಸರಕಾರ ಹೇಳಬೇಕಾಯಿತು. ಅಂದು ನಾವೆಲ್ಲರೂ ನ್ಯಾಯ ಕೇಳಿದೆವು. ಕೇಳಲೇಬೇಕಿತ್ತು. ಆದರೆ ನ್ಯಾಯ ಕೇಳುವವನ ಕೈ ಶುದ್ಧವಾಗಿರಬೇಡವೇ?

ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಡಲು ಪ್ರವಾದಿ(ಸ)ರು ಆರಿಸಿದ್ದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಬಿಲಾಲ್(ರ)ರನ್ನು. ಬಿಡುಗಡೆಗೊಂಡ ಗುಲಾಮ ಝೈದ್(ರ)ರಿಗೆ ತಮ್ಮ ಸೋದರತ್ತೆಯ ಮಗಳನ್ನೇ ವಿವಾಹ ಮಾಡಿಸಿದ್ದರು. 'ಕುಫು' ಎಂಬ ಹೆಸರಿನಲ್ಲಿ ಕೆಲವು ಫಿಕ್ಹ್ ಪಂಡಿತರು ವಂಶವನ್ನೂ ಕಸುಬನ್ನೂ ಪರಿಗಣಿಸಿದ್ದು ನಿಜ, ಆದರೆ ಇಮಾಮ್ ಮಾಲಿಕ್‌ರು ಧರ್ಮನಿಷ್ಠೆಯನ್ನೇ ಮಾನದಂಡವಾಗಿ ಕಂಡರು. ಎರಡು ದಾರಿಗಳಿರುವಾಗ ನಮ್ಮ ಅಹಂಕಾರಕ್ಕೆ ಒಗ್ಗುವುದನ್ನೇ ಆರಿಸಿಕೊಂಡು ಅದಕ್ಕೆ ಧರ್ಮದ ಹೆಸರಿಡುವುದು ಬೇಡ.

ಕೊನೆಯದಾಗಿ ಮೂರು ವಿನಂತಿಗಳಿವೆ. ಝಕಾತನ್ನು ರಮಝಾನಿನ ಬೀದಿಯಲ್ಲಿ ಬಡವರನ್ನು ಸಾಲು ನಿಲ್ಲಿಸಿ ಹಂಚುವ ಬದಲು ಮೊಹಲ್ಲಾ ಮಟ್ಟದಲ್ಲಿ ಒಟ್ಟುಗೂಡಿಸಿ, ಈ ವರ್ಷ ಪಡೆದವನು ಮುಂದೆ ಕೊಡುವವನಾಗುವಂತೆ ಯಂತ್ರ, ಅಂಗಡಿ, ಕಾಲೇಜು ಶುಲ್ಕಗಳಿಗೆ ವಿನಿಯೋಗಿಸೋಣ. ಜಮಾಅತ್ ಸಮಿತಿಯಲ್ಲಿ ಶ್ರಮಿಕರಿಗೆ ಸ್ಥಾನ ಕೊಡೋಣ, ವಂತಿಗೆ ಬಾಕಿ ಇದ್ದ ಮಾತ್ರಕ್ಕೆ ಯಾರ ಬಾಯಿಯೂ ಮುಚ್ಚದಿರಲಿ. ಮೂರನೆಯದು ಹೆಚ್ಚು ಕಷ್ಟದ್ದು. ಮುಂದಿನ ಸಂಬಂಧ ನಮ್ಮ ಮನೆಬಾಗಿಲಿಗೆ ಬಂದಾಗ ಖಾನ್‌ದಾನ್ ಎಂಬ ಮಾತು ಯಾರ ಬಾಯಿಂದಲಾದರೂ ಹೊರಟರೆ, ಆ ಕೋಣೆಯಲ್ಲಿ ಒಬ್ಬರಾದರೂ ಎದ್ದು ಮಾತನಾಡಲಿ.

ಅಂದು ನಾವು ಮಾತನಾಡಲಿಲ್ಲ. ಆ ಹುಡುಗನಿಗೆ ಬೇರೆಡೆ ಮದುವೆಯಾಗಿದೆ, ಸುಖವಾಗಿದ್ದಾನೆ ಎಂದು ಕೇಳಿದ್ದೇವೆ. ಅವನ ತಂದೆ ಈಗಲೂ ಅದೇ ಮಸೀದಿಗೆ ಬರುತ್ತಾರೆ, ಸಲಾಮನ್ನು ಮೊದಲು ಹೇಳುವವರು ಈಗಲೂ ಅವರೇ. ಅಲ್ಲಾಹನು ನಮ್ಮನ್ನು ಕ್ಷಮಿಸಲಿ, ನಮ್ಮ ಮಾತು ಮತ್ತು ನಮ್ಮ ಮನೆ ಒಂದಾಗುವಂತೆ ಅನುಗ್ರಹಿಸಲಿ.

ವಸ್ಸಲಾಮ್.